ಸಿಟ್ಟಿಗೂ ಒಂದು ಎಳೆ

ಕಾಗದ ಓದಿ ಕಾರ್ಲ್ ಯೂಂಗ್ ಅವರಿಗೆ ಮೈ ಉರಿಯಿತು. ಮರುದಿನ ಅವರು ನೋಟ್‌ಬುಕ್ಕಿನಲ್ಲಿ ಬರೆದ ವೃತ್ತದ ಅಂಚು ಒಂದು ಕಡೆ ಒಡೆದು ಬಾಯಿ ಬಿಟ್ಟಿತ್ತು. ಇದು 1918–19ರ ಮಾತು. ಸ್ವಿಸ್ ಮನೋವೈದ್ಯರಾದ ಯೂಂಗ್ ಆಗ ಶಾಟೊ-ದೆ ಎಂಬ ಬೆಟ್ಟದೂರಿನಲ್ಲಿ, ಯುದ್ಧದಲ್ಲಿ ಸಿಕ್ಕಿಬಿದ್ದ ಇಂಗ್ಲಿಷ್ ಸೈನಿಕರ ಶಿಬಿರದ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ದಿನಾ ಬೆಳಿಗ್ಗೆ ಒಂದು ಪುಟ್ಟ ವೃತ್ತ ಬರೆದು ಅದರೊಳಗೆ ತೋಚಿದ ಚಿತ್ತಾರ ತುಂಬುವುದು ಅವರ ರೂಢಿ. ಪರಿಚಯದ ಹೆಂಗಸೊಬ್ಬರು, ನಿಮ್ಮ ಮನಸ್ಸಿನಾಳದಿಂದ ಬರುತ್ತಿರುವುದು ಕಲೆಯೇ ಎಂದು ಪಟ್ಟುಹಿಡಿದು ಬರೆದಿದ್ದರು. ಯೂಂಗ್‌ಗೆ ಆ ಮಾತು ಒಗ್ಗದು. ಜಗಳಕ್ಕೆ ಹೋಗುವ ಬದಲು ಎಂದಿನಂತೆ ವೃತ್ತ ಬರೆಯಲು ಕೂತರು. ಒಳಗಿನ ಕಿರಿಕಿರಿ ಅಂಚಿನಲ್ಲಿ ಕಂಡಿತು. ತಮ್ಮ ಆತ್ಮಕಥನದಲ್ಲಿ ಅವರೇ ಇದನ್ನು ಹೇಳಿಕೊಂಡಿದ್ದಾರೆ.

ಇದಾದ ಆರೇಳು ವರ್ಷಕ್ಕೆ, 1925ರ ನವೆಂಬರಿನಲ್ಲಿ, ಇದೇ ಯೂಂಗ್ ಕೆನ್ಯಾದ ಮೊಂಬಾಸಾ ಬಂದರಿನಲ್ಲಿ ಇಳಿದು ರೈಲಿನಲ್ಲಿ ನೈರೋಬಿಗೆ ಬಂದರು. ನ್ಯೂ ಸ್ಟ್ಯಾನ್ಲಿ ಹೋಟೆಲಿನಲ್ಲಿ ಉಳಿದರು, ಪುಟ್ಟ ಫೋರ್ಡ್ ಕಾರಿನಲ್ಲಿ ಆಥಿ ಬಯಲಿಗೆ ಹೋಗಿ ಜಿಂಕೆ, ಜೀಬ್ರಾ ಹಿಂಡು ನೋಡಿದರು, ಅಲ್ಲಿಂದ ಮುಂದೆ ಎಲ್ಗಾನ್ ಬೆಟ್ಟದ ಕಡೆ ಹೊರಟರು. ಅವರು ಬಂದ ಹಳಿ 1899ರ ಮೇ ಕೊನೆಯಲ್ಲಿ ನೈರೋಬಿ ಮುಟ್ಟಿದ್ದು. ಅದನ್ನು ಹಾಸಿದ ಕೈಗಳಲ್ಲಿ ಹೆಚ್ಚಿನವು ಹಿಂದುಸ್ತಾನದಿಂದ ಕೂಲಿಗೆ ಬಂದವು. ರೈಲು ನಿಲ್ದಾಣದ ಪಶ್ಚಿಮಕ್ಕೆ ಏರುವ ದಿಬ್ಬದ ಮೇಲೆ ರೈಲ್ವೆಯ ಬಿಳಿಯ ಅಧಿಕಾರಿಗಳ ಬಂಗಲೆಗಳಿದ್ದವು. ಆ ದಿಬ್ಬವೇ ಇಂದಿನ ಅಪ್ಪರ್ ಹಿಲ್.

ಈಗ ಬಂಗಲೆಗಳು ಹುಡುಕಿದರೆ ಸಿಕ್ಕಾವು. 33 ಅಂತಸ್ತಿನ ಯುಎಪಿ ಓಲ್ಡ್ ಮ್ಯೂಚುವಲ್ ಟವರ್, 200 ಮೀಟರ್ ಎತ್ತರದ ಬ್ರಿಟಾಮ್ ಟವರ್, ಬ್ಯಾಂಕುಗಳ ಮುಖ್ಯ ಕಚೇರಿಗಳು, ಅವುಗಳ ನಡುವೆ ಮುಗಿಯದ ರಸ್ತೆ ಕೆಲಸ. ಇನ್ನೊಂದು ಮಗ್ಗುಲಲ್ಲಿ 1901ರಲ್ಲಿ ಶುರುವಾದ, ಈಗ ಕೆನ್ಯಾಟ ನ್ಯಾಷನಲ್ ಹಾಸ್ಪಿಟಲ್ ಎಂದು ಹೆಸರಾದ ದೊಡ್ಡ ಸರ್ಕಾರಿ ಆಸ್ಪತ್ರೆ. ಹೀಗಾಗಿ ಈ ಗುಡ್ಡ ಹತ್ತಿ ಬರುವವರು ಎರಡೇ ಬಗೆ: ದುಡಿಯಲು ಬರುವವರು, ಕಾಯಲು ಬರುವವರು. ಕಾಯುವ ಜಾಗ ಎಂದರೆ ಕೈಗೆ ಕೆಲಸವಿಲ್ಲದ ಜಾಗ. ಮೊಬೈಲಿನ ಮೇಲೆ ಹೆಬ್ಬೆರಳು ಓಡಿಸುವುದನ್ನು ಕೆಲಸ ಎನ್ನಲು ನನಗೆ ಮನಸ್ಸಿಲ್ಲ.

ಇದೇ ಗುಡ್ಡದ ಮೇಲಿನ ಬಾಡಿಗೆ ಫ್ಲ್ಯಾಟಿನಲ್ಲಿ ಕೂತು ನಾನು ಬರೆಯುವ ಪೆನ್ನಿನ ಚಿತ್ತಾರಕ್ಕೆ ಇಂದು ಪೇಟೆಯಲ್ಲಿ ಓಡುವ ಹೆಸರು ಝೆನ್‌ಟ್ಯಾಂಗಲ್. ಅಮೆರಿಕದ ಮ್ಯಾಸಚೂಸೆಟ್ಸಿನ ರಿಕ್ ರಾಬರ್ಟ್ಸ್ ಮತ್ತು ಮರಿಯಾ ಥಾಮಸ್ ದಂಪತಿ ಇದನ್ನು ರೂಪಿಸಿದ್ದು ಈ ಶತಮಾನದ ಮೊದಲ ವರ್ಷಗಳಲ್ಲಿ. ಮರಿಯಾ ಅಕ್ಷರ ಕಲಾವಿದೆ. ರಿಕ್ ಒಂದು ಕಾಲದಲ್ಲಿ ಸನ್ಯಾಸಿಯಾಗಿದ್ದವರು. ದೊಡ್ಡ ಅಕ್ಷರವೊಂದರ ಹಿನ್ನೆಲೆಗೆ ಮರಿಯಾ ಸಣ್ಣ ಸಣ್ಣ ನಮೂನೆ ತುಂಬುತ್ತ ಕೂತಿದ್ದಾಗ ಹೊತ್ತು ಹೋದದ್ದೇ ತಿಳಿಯಲಿಲ್ಲವಂತೆ. ನೀನು ಹೇಳುತ್ತಿರುವುದು ಧ್ಯಾನವನ್ನೇ ಎಂದರಂತೆ ಗಂಡ. ಅಲ್ಲಿಂದ ಅದೊಂದು ಪದ್ಧತಿಯಾಯಿತು, ನೋಂದಾಯಿತ ಹೆಸರಾಯಿತು, ತರಬೇತಿ ಪಡೆದ ಶಿಕ್ಷಕರ ಜಾಲವಾಯಿತು. ‘ಝೆನ್’ ಎಂಬ ಲೇಬಲ್ ಇಲ್ಲದೆ ಇಷ್ಟು ಖರ್ಚಾಗುತ್ತಿರಲಿಲ್ಲ ಎಂಬುದು ನನ್ನ ಗುಮಾನಿ. ಆದರೆ ಪದ್ಧತಿ ಮಾತ್ರ ಗಟ್ಟಿ.

ಮೂರೂವರೆ ಇಂಚಿನ ಚೌಕ ಕಾರ್ಡು, ಕಪ್ಪು ಮಸಿಯ ಸಣ್ಣ ಮೊನೆಯ ಪೆನ್ನು, ಒಂದು ಪೆನ್ಸಿಲ್, ಇಷ್ಟೇ ಸಾಮಾನು. ರಬ್ಬರ್ ಇಲ್ಲ. ಪೆನ್ಸಿಲ್‌ನಲ್ಲಿ ನಾಲ್ಕು ಮೂಲೆಗೆ ನಾಲ್ಕು ಚುಕ್ಕಿ, ಅವನ್ನು ಕೂಡಿಸಿ ಅಂಚು, ಅಂಚಿನೊಳಗೆ ಮನಸ್ಸು ಹೋದ ಕಡೆ ಒಂದು ಡೊಂಕು ಗೀಟು. ಆ ಗೀಟು ಕಾರ್ಡನ್ನು ನಾಲ್ಕಾರು ಕೋಣೆಗಳಾಗಿ ಒಡೆಯುತ್ತದೆ. ಒಂದೊಂದು ಕೋಣೆಗೂ ಒಂದೊಂದು ನಮೂನೆಯನ್ನು ಪೆನ್ನಿನಲ್ಲಿ ತುಂಬಬೇಕು. ಕೊನೆಗೆ ಪೆನ್ಸಿಲ್‌ನಿಂದ ನೆರಳು. ಮೇಲೆ ಕೆಳಗೆ ಎಂಬುದಿಲ್ಲ, ಕಾರ್ಡನ್ನು ಯಾವ ಕಡೆಗಾದರೂ ತಿರುಗಿಸಿಕೊಳ್ಳಬಹುದು.

ನಮೂನೆಗಳಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು ಹಾಲಿಬಾ. ಮರಿಯಾ ಅವರ ಮಗಳ ಮನೆತನದ ಹೆಸರು ಅದು. ಕೋಣೆಯ ಈ ಅಂಚಿನಿಂದ ಆ ಅಂಚಿಗೆ ಜೋಡಿಗೆರೆ ಎಳೆದರೆ ಒಂದು ಪಟ್ಟಿ ಆಯಿತು. ಎರಡನೆಯ ಪಟ್ಟಿ ಅದಕ್ಕೆ ಅಡ್ಡ ಬಂದಾಗ, ಮೊದಲನೆಯದರ ಅಂಚಿಗೆ ಬಂದ ಕೂಡಲೇ ಪೆನ್ನು ಎತ್ತಬೇಕು. ಆಚೆ ಬದಿಯಿಂದ ಅದೇ ನೇರದಲ್ಲಿ ಮುಂದುವರಿಸಬೇಕು. ಆಗ ಎರಡನೆಯದು ಮೊದಲನೆಯದರ ಹಿಂದೆ ಹಾದುಹೋದಂತೆ ಕಾಣುತ್ತದೆ. ಮೂರನೆಯದು ಅವೆರಡರ ಹಿಂದೆ. ಹೀಗೆ ಪಟ್ಟಿ ಹಾಕುತ್ತ ಹೋಗಿ, ಉಳಿದ ಕಿಂಡಿಗಳಿಗೆ ಕಪ್ಪು ತುಂಬಿದರೆ ಆಯಿತು. ನಿಯಮ ಇಷ್ಟೇ: ಮೊದಲು ಬಂದವರು ಮುಂದೆ, ಆಮೇಲೆ ಬಂದವರು ಹಿಂದೆ.

ಕೂಡುಕುಟುಂಬದಲ್ಲಿ ಬೆಳೆದವರಿಗೆ ಈ ನಿಯಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೊಂದು ಪಟ್ಟಿಯನ್ನೂ ಮನೆಯ ಒಬ್ಬೊಬ್ಬರೆಂದು ಇಟ್ಟುಕೊಂಡು ನೋಡಿ. ಅಜ್ಜನನ್ನು ಮೊದಲು ಎಳೆದರೆ ಮಿಕ್ಕವರೆಲ್ಲ ಅಜ್ಜನ ಹಿಂದೆ. ಕೊನೆಗೆ ಬಂದ ಸೊಸೆ ಎಲ್ಲರ ಹಿಂದೆ ನುಸುಳಿ ನುಸುಳಿ, ಅಲ್ಲೊಂದು ಕಿಂಡಿಯಲ್ಲಿ ಇಲ್ಲೊಂದು ಕಿಂಡಿಯಲ್ಲಿ ಅಂಗುಲದಷ್ಟು ಕಾಣುತ್ತಾಳೆ. ಆದರೆ ಆ ಕಡೆಯ ಅಂಚು ಮುಟ್ಟುತ್ತಾಳೆ, ಪಟ್ಟಿ ತುಂಡಾಗಿರುವುದಿಲ್ಲ. ನಾನು ಇದನ್ನು ಅಕ್ಕನ ಜೊತೆ ಊರಿನ ಮನೆ ಮಾರುವ ಮಾತು ಬಿಗಡಾಯಿಸಿದ್ದ ದಿನಗಳಲ್ಲಿ ಬರೆಯುತ್ತಿದ್ದೆ. ಯಾರ ಪಟ್ಟಿ ಮೊದಲು ಎಂಬುದು ಪೆನ್ನು ಊರುವ ಮುಂಚೆಯೇ ತೀರ್ಮಾನವಾಗಬೇಕು. ಪೇಚು ಇರುವುದು ಅಲ್ಲೇ. ಅಕ್ಕನನ್ನು ಮೊದಲು ಎಳೆದ ಕಾರ್ಡು, ನನ್ನನ್ನು ಮೊದಲು ಎಳೆದ ಕಾರ್ಡು ಎರಡನ್ನೂ ಪಕ್ಕಪಕ್ಕ ಇಟ್ಟರೆ ನೋಡಲು ಹೆಚ್ಚೇನೂ ವ್ಯತ್ಯಾಸವಿಲ್ಲ. ಎಳೆಯುವಾಗ ಮಾತ್ರ ಭಾರಿ ವ್ಯತ್ಯಾಸ.

ವಾಟ್ಸ್‌ಆ್ಯಪ್‌ನಲ್ಲಿ ಒಂದು ಕಾರ್ಡಿನ ಫೋಟೊ ಕಳಿಸಿದೆ. ಅಮ್ಮ ಫೋನು ಮಾಡಿದಳು.

“ಅದೇನೇ ಅದು, ಒಂದು ಚುಕ್ಕಿನೂ ಇಲ್ಲ?”

“ಚುಕ್ಕಿ ಬೇಕಾಗಲ್ಲಮ್ಮ. ಹೀಗೆ ಸುಮ್ನೆ ಒಂದು ಗೀಟು ಎಳ್ಕೊಂಡು ಒಳಗೆ ತುಂಬ್ತಾ ಹೋಗೋದು.”

“ಚುಕ್ಕಿ ಇಲ್ದೆ ಹೋದ್ರೆ ಎಲ್ಲಿ ತಪ್ಪಿದ್ವಿ ಅಂತ ಹೆಂಗೆ ಗೊತ್ತಾಗತ್ತೆ?”

“ಇದರಲ್ಲಿ ತಪ್ಪು ಅನ್ನೋದೇ ಇಲ್ವಂತೆ.”

“ಹಂಗಾದ್ರೆ ಬಲೇ ಸುಲಭ ಬಿಡು.”

ಅಮ್ಮನ ತಾತ್ಸಾರ ನ್ಯಾಯವಾದದ್ದೇ. ಹದಿನೈದು ಚುಕ್ಕಿ, ಎಂಟರವರೆಗೆ, ಸಂದು ಚುಕ್ಕಿ ಎಂದರೆ ಕಣ್ಣು ಮುಚ್ಚಿ ಷಟ್ಕೋನ ಇಡುವ ಕೈ ಅದು. ಎಳೆ ರಂಗೋಲಿಯಲ್ಲಿ ಗೆರೆ ಎಲ್ಲಾ ಚುಕ್ಕಿಯನ್ನೂ ಬಳಸಿ ಹೊರಟಲ್ಲಿಗೇ ಬಂದು ಸೇರದಿದ್ದರೆ ತಪ್ಪಿದೆ ಎಂದೇ ಅರ್ಥ, ಬೀದಿಯವರಿಗೂ ಗೊತ್ತಾಗುತ್ತದೆ. ಅದೂ ಪೆನ್ನಿನಂತೆ ಅಳಿಸಲಾಗದ್ದಲ್ಲ. ಕಾಲಿನಿಂದ ಸವರಿ ಮತ್ತೆ ಹಾಕಬಹುದು, ಹೇಗೂ ನಾಳೆ ಬೆಳಿಗ್ಗೆ ಸಾರಿಸಿ ಹೊಸದು ಹಾಕಲೇಬೇಕು. ಪುನರಾವರ್ತನೆ, ನಿಯಮ, ಸಣ್ಣ ಜಾಗ, ಬೆರಳ ತುದಿಯಲ್ಲಿ ನಿಂತ ಗಮನ. ಧ್ಯಾನ ಎಂದು ಇಂದು ಮಾರಾಟವಾಗುವುದೆಲ್ಲ ನಮ್ಮ ಹೊಸ್ತಿಲಲ್ಲಿ ಇತ್ತು ಎಂದು ಬೀಗಿ ಲೇಖನ ಮುಗಿಸಬಹುದಿತ್ತು. ಹಾಗೆ ಬೀಗುವ ಲೇಖನಗಳು ಸಾಕಷ್ಟಿವೆ.

ನನಗೆ ತೊಡಕಾದದ್ದು ಬೇರೆ. ಸಾವಾದ ಮನೆಯ ಮುಂದೆ ಸೂತಕ ಕಳೆಯುವ ತನಕ ರಂಗೋಲಿ ಇಲ್ಲ. ಬರಿ ಹೊಸ್ತಿಲು ಕಂಡರೆ ಕೇರಿಗೆ ಸುದ್ದಿ ತಿಳಿಯುತ್ತದೆ, ಹಾಲಿನವನೂ ದನಿ ತಗ್ಗಿಸುತ್ತಾನೆ. ಅಂದರೆ, ಕೈಗೆ ಒಂದು ಕೆಲಸ ಎಂದಿಗಿಂತ ಹೆಚ್ಚು ಬೇಕಾದ ದಿನಗಳಲ್ಲೇ ರಂಗೋಲಿ ಬಟ್ಟಲು ಮಾಡಿನಲ್ಲಿ ಕೂತಿರುತ್ತದೆ. ರಂಗೋಲಿ ಶುಭಕ್ಕೆ. ಮಲೆನಾಡಿನ ದೀವರ ಹೆಂಗಸರು ಸಾಗರ, ಸೊರಬದ ಕಡೆ ಗೋಡೆಗೆ ಬರೆಯುವ ಹಸೆ ಚಿತ್ತಾರವೂ ಶುಭಕ್ಕೇ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ, ಪುಂಡಿ ನಾರಿನ ಕುಂಚವನ್ನು ಅಕ್ಕಿ ಹಿಟ್ಟಿನಲ್ಲಿ ಅದ್ದಿ, ಮದುವೆಗೆ ಮುನ್ನ ಎಳೆಯುವ ಎಳೆಗಳು ಅವು. ಕರಿದಕ್ಕೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಮದುಮಕ್ಕಳು ಅದರೊಳಗೆ ಕಡ್ಡಿಯಂಥ ಪುಟ್ಟ ಆಕಾರಗಳು ಮಾತ್ರ. ಅವರ ಸುತ್ತ ಎಳೆಯ ಮೇಲೆ ಎಳೆ, ಜಾಲರಿಯ ಮೇಲೆ ಜಾಲರಿ. ಎರಡು ಮನೆಗಳ ನಡುವೆ ಹೊಸದಾಗಿ ಹುಟ್ಟುತ್ತಿರುವ ನಂಟೇ ಅಲ್ಲಿ ಚಿತ್ರದ ವಸ್ತು. ಧಾರವಾಡದ ಕಡೆಯ ಕಸೂತಿಯೂ ಹೀಗೇ. ಗಂಟು ಹಾಕದೆ, ಗವಂತಿ, ಮುರಗಿ, ನೇಯ್ಗಿ, ಹೆಂತೆ ಎಂಬ ನಾಲ್ಕು ಹೊಲಿಗೆಯಲ್ಲಿ ಎಳೆ ಎಣಿಸಿ ಗೋಪುರ, ತೇರು, ತುಳಸಿ ವೃಂದಾವನ ಮೂಡಿಸಿದ ಸೀರೆ ಮಗಳ ಮದುವೆಗೆ. ಸಿಟ್ಟಿಗೆ, ಹೊಟ್ಟೆಕಿಚ್ಚಿಗೆ, ಅಳುವಿಗೆ ನಮ್ಮಲ್ಲಿ ಹಾಡು ಇದೆ, ಗಾದೆ ಇದೆ, ಬೈಗುಳವಂತೂ ಧಾರಾಳವಾಗಿದೆ. ಗೆರೆ ಇಲ್ಲ.

ಪರದೇಶದಲ್ಲಿ ಇರುವವರಿಗೆ ಈ ಕೊರತೆ ಎದ್ದು ಕಾಣುತ್ತದೆ. ಊರಲ್ಲಿ ದೊಡ್ಡಪ್ಪ ಹೋದರು ಎಂದು ಬೆಳಗಿನ ಜಾವ ಫೋನು. ನೈರೋಬಿಯಿಂದ ಮುಂಬೈಗೆ ವಿಮಾನ ಹಿಡಿದು, ಅಲ್ಲಿಂದ ಬೆಂಗಳೂರು, ಅಲ್ಲಿಂದ ಊರು ಸೇರುವಷ್ಟರಲ್ಲಿ ದಹನ ಮುಗಿದಿರುತ್ತದೆ. ವಿಡಿಯೊದಲ್ಲಿ ನೋಡಿದ್ದಾಯಿತು. ಆಮೇಲೆ? ಇಲ್ಲಿ ಕೇರಿಯಿಲ್ಲ, ಹೊಸ್ತಿಲೆಂದರೆ ಕಾರಿಡಾರಿನ ಟೈಲ್ಸು, ಎದುರು ಮನೆಯವರಿಗೆ ದೊಡ್ಡಪ್ಪ ಯಾರು ಎಂಬುದೇ ಗೊತ್ತಿಲ್ಲ. ಆಗ ಅಂಗೈಯಗಲದ ಕಾರ್ಡು ಕೆಲಸಕ್ಕೆ ಬರುತ್ತದೆ. ಕ್ರೆಸೆಂಟ್ ಮೂನ್ ಎಂಬ ನಮೂನೆಯಲ್ಲಿ ಅಂಚಿನುದ್ದಕ್ಕೂ ಸಣ್ಣ ಅರ್ಧಚಂದ್ರಗಳನ್ನು ಬರೆದು ಕಪ್ಪು ತುಂಬಿ, ಒಂದೊಂದರ ಸುತ್ತಲೂ ಅದರದೇ ಆಕಾರದ ಗೆರೆ, ಅದರ ಸುತ್ತ ಇನ್ನೊಂದು, ಪಕ್ಕದ ಚಂದ್ರನ ಗೆರೆಗಳಿಗೆ ತಾಗುವವರೆಗೆ ಬರೆಯುತ್ತಾರೆ. ನಾನು ಒಂದು ಚಂದ್ರನನ್ನು ಖಾಲಿ ಬಿಡುತ್ತೇನೆ. ಸುತ್ತಣ ಗೆರೆಗಳು ಮಾತ್ರ ಎಂದಿನಂತೆ. ಕಪ್ಪು ತುಂಬಿದವುಗಳ ನಡುವೆ ಖಾಲಿಯದೇ ದೊಡ್ಡದಾಗಿ ಕಾಣುತ್ತದೆ.

ಮುನಿಸಿಗೆ ನಮೂನೆ ಕಂಡುಕೊಂಡವರು ಕೆನ್ಯಾದ ಕರಾವಳಿಯ ಹೆಂಗಸರು. ಅವರು ಉಡುವ, ಹೊದೆಯುವ, ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುವ ಕಾಂಗಾ ಬಟ್ಟೆ ಮಾರಾಟವಾಗುವುದು ಜೋಡಿಯಾಗಿ. ಸುತ್ತ ದಪ್ಪ ಅಂಚು, ನಡುವೆ ಚಿತ್ತಾರ, ಚಿತ್ತಾರದ ಕೆಳಗೆ ಸ್ವಾಹಿಲಿಯಲ್ಲಿ ಒಂದು ಸಾಲು. ಸಾಲು ಗಾದೆಯಾಗಿರಬಹುದು, ಹಾರೈಕೆಯಾಗಿರಬಹುದು, ಚುಚ್ಚುಮಾತೂ ಆಗಿರಬಹುದು. ಗಂಡನಿಗೆ, ಸವತಿಗೆ, ಮೂಗು ತೂರಿಸುವ ನೆರೆಯವಳಿಗೆ ಬಾಯಿಬಿಟ್ಟು ಹೇಳಲಾಗದ್ದನ್ನು ಹೆಂಗಸು ಅಂಗಡಿಯಲ್ಲಿ ಆರಿಸಿ ತಂದು ಉಟ್ಟುಕೊಂಡು ಅವರ ಮುಂದೆ ಓಡಾಡುತ್ತಾಳೆ. ಕೇಳಿದರೆ, ಬಣ್ಣ ಚೆನ್ನಾಗಿತ್ತು ತಗೊಂಡೆ ಎಂದರಾಯಿತು. ಈ ಬಟ್ಟೆಯ ಇತಿಹಾಸದಲ್ಲಿ ದೊಡ್ಡ ಹೆಸರು ಮೊಂಬಾಸಾದ ಕಾದರ್‌ದಿನಾ ಹಾಜಿ ಎಸಾಕ್ ಅವರದು. 1887ರಲ್ಲಿ ಶುರುವಾದ, ಹಿಂದುಸ್ತಾನಿ ಮೂಲದವರ ಅಂಗಡಿ ಅದು. ನಮ್ಮವರು ಇಲ್ಲಿಗೆ ಬಟ್ಟೆ ತಂದರು, ಮುನಿಸನ್ನು ಉಡುವ ಜಾಣತನವನ್ನು ವಾಪಸು ಒಯ್ಯಲಿಲ್ಲ.

ಅಪ್ಪರ್ ಹಿಲ್‌ನಿಂದ ಇಳಿದು ಉಹುರು ಹೆದ್ದಾರಿಗುಂಟ ಹೋದರೆ ಕೆನ್ಯಾಟ ಅವೆನ್ಯೂ ಕೂಡುವಲ್ಲಿ 1913ರ ಒಂದು ಕಲ್ಲಿನ ಕಟ್ಟಡವಿದೆ. ಬ್ರಿಟಿಷರ ಕಾಲದಲ್ಲಿ ಹುಟ್ಟು, ಮದುವೆ, ಸಾವುಗಳನ್ನು ಬರೆಸಿಕೊಳ್ಳುತ್ತಿದ್ದ ಕಚೇರಿ. ಈಗ ಅದು ನೈರೋಬಿ ಗ್ಯಾಲರಿ. ಅಲ್ಲಿರುವುದು ಕೆನ್ಯಾದ ಎರಡನೆಯ ಉಪಾಧ್ಯಕ್ಷ ಜೋಸೆಫ್ ಮುರುಂಬಿ ಆಫ್ರಿಕದ ಉದ್ದಗಲದಿಂದ ಕೂಡಿಸಿದ ಬಟ್ಟೆ, ಮಣಿ, ಆಭರಣ, ಕೆತ್ತನೆಗಳ ಸಂಗ್ರಹ. ಮುರುಂಬಿಯ ತಂದೆ ಗೋವೆಯವರು, ತಾಯಿ ಮಸಾಯಿ. ಎಳವೆಯಲ್ಲೇ ಮಗನನ್ನು ಓದಲು ಹಡಗು ಹತ್ತಿಸಿದರು. ಅವರು ಓದಿದ್ದು ಬೆಂಗಳೂರಿನ ಗುಡ್ ಶೆಫರ್ಡ್ ಕಾನ್ವೆಂಟಿನಲ್ಲಿ, ಆಮೇಲೆ ಬಳ್ಳಾರಿಯ ಸೇಂಟ್ ಪ್ಯಾಂಕ್ರಾಸ್ ಶಾಲೆಯಲ್ಲಿ! ಮೊದಲು ತಿಳಿದಾಗ ನನಗೆ ನಂಬಲಾಗಲಿಲ್ಲ. ತಾಯಿಯಿಂದ ಸಮುದ್ರದಾಚೆ ಬಳ್ಳಾರಿಯ ಬಿಸಿಲಲ್ಲಿ ಬೆಳೆದ ಹುಡುಗ ಮುಂದೆ ತಾಯಿಯ ಕಡೆಯ ಹೆಸರನ್ನೇ ಇಟ್ಟುಕೊಂಡರು. ಉಪಾಧ್ಯಕ್ಷ ಪದವಿಯನ್ನು 1966ರಲ್ಲಿ ಏರಿದ ವರ್ಷವೇ ಬಿಟ್ಟರು. ಆಮೇಲಿನ ಬದುಕನ್ನು ಬಹುಪಾಲು ಈ ಸಂಗ್ರಹಕ್ಕೆ ಕೊಟ್ಟರು. ಗಾಜಿನೊಳಗಿನ ಮಣಿಹಾರಗಳನ್ನು ನೋಡುವಾಗ, ಅವು ಬರೀ ಅಲಂಕಾರವಲ್ಲ ಎಂಬುದನ್ನು ನೆನಪಿಡಬೇಕು. ಹಾಕಿಕೊಂಡವಳು ಮದುವೆಯಾದವಳೇ, ಆಗದವಳೇ, ಯಾವ ಕಡೆಯವಳು ಎಂಬುದನ್ನು ಬಲ್ಲವರು ಮಣಿಗಳಲ್ಲೇ ಓದಿಕೊಳ್ಳುತ್ತಾರೆ.

ಹಾಗೆಂದು ಪೆನ್ನಿನ ಚಿತ್ತಾರಕ್ಕೆ ಅರ್ಥಕೋಶ ಹುಡುಕಬಾರದು. ಸುರುಳಿ ಎಂದರೆ ಗೊಂದಲ, ಮುಳ್ಳು ಎಂದರೆ ಕೋಪ, ಅಲೆ ಎಂದರೆ ಪ್ರೀತಿ ಎಂದು ಪಟ್ಟಿ ಕೊಡುವ ಪುಸ್ತಕಗಳುಂಟು. ನನಗೆ ಅವುಗಳಲ್ಲಿ ನಂಬಿಕೆಯಿಲ್ಲ. ಮಣಿಯ ಭಾಷೆ ಒಂದು ಸಮುದಾಯ ತಲೆಮಾರುಗಳಲ್ಲಿ ಕಟ್ಟಿಕೊಂಡದ್ದು. ಒಬ್ಬಳೇ ಕೂತು ಬರೆಯುವ ಕಾರ್ಡಿಗೆ ಅಂಥ ಭಾಷೆಯಿಲ್ಲ, ಬೇಕಾಗಿಯೂ ಇಲ್ಲ. ಭಾವನೆ ಅಲ್ಲಿ ಬರುವುದು ಆಕಾರದಿಂದಲ್ಲ, ಕೈಯಿಂದ. ಸಿಟ್ಟಿದ್ದ ದಿನ ಗೆರೆಗಳ ನಡುವಿನ ಸಂದು ಕಿರಿದಾಗುತ್ತದೆ, ಮೊನೆ ಕಾಗದವನ್ನು ಒತ್ತುತ್ತದೆ, ತಿರುವಿನಲ್ಲಿ ಮಸಿ ನಿಲ್ಲುತ್ತದೆ. ಹತ್ತನೆಯ ಗೆರೆಯ ಹೊತ್ತಿಗೆ ಸಂದು ಸರಿಹೋಗಿರುತ್ತದೆ. ಸಿಟ್ಟು ಹೋಯಿತೆಂದಲ್ಲ, ಸಂದನ್ನು ಸಮವಾಗಿಡುವ ಕೆಲಸ ಕೈ ಹಿಡಿದಿದೆ, ಅಷ್ಟೆ. ಯೂಂಗ್ ಕೂಡ ಒಡೆದ ಅಂಚನ್ನು ಬೇಕೆಂದು ಬರೆಯಲಿಲ್ಲ.

ರವೀಂದ್ರನಾಥ ಠಾಕೂರರ ಕತೆಯೂ ಇದಕ್ಕೆ ಹೊಂದುತ್ತದೆ. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಪದಗಳ ಗೀಚು ಅವರ ಕಣ್ಣಿಗೆ ಚುಚ್ಚುತ್ತಿತ್ತು. ಒಂದಕ್ಕೊಂದು ಗೆರೆ ಕೂಡಿಸಿ ಅವನ್ನು ಹಕ್ಕಿಯೋ ಮೃಗವೋ ಬಳ್ಳಿಯೋ ಮಾಡುತ್ತಿದ್ದರು. 1924ರಲ್ಲಿ ಅರ್ಜೆಂಟೀನಾದಲ್ಲಿ ಕಾಯಿಲೆ ಬಿದ್ದಾಗ ಅವರನ್ನು ಉಪಚರಿಸಿದವರು ಲೇಖಕಿ ವಿಕ್ಟೋರಿಯಾ ಒಕಾಂಪೊ. ‘ಪೂರಬಿ’ಯ ಹಸ್ತಪ್ರತಿಯಲ್ಲಿನ ಈ ಗೀಚುಗಳಿಗೆ ಬೆರಗಾದವರೂ ಅವರೇ. ಪುಸ್ತಕ ವಿಜಯಾ ಎಂಬ ಹೆಸರಿನಲ್ಲಿ ಅವರಿಗೇ ಅರ್ಪಣೆಯಾಯಿತು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಠಾಕೂರರ ಮೊದಲ ಚಿತ್ರಪ್ರದರ್ಶನಕ್ಕೆ ಓಡಾಡಿದವರೂ ಒಕಾಂಪೊ. ಬರೆಯಲು ಬಾರದೆ ಹೊಡೆದುಹಾಕಿದ್ದೇನು ಎಂಬುದು ಮಾತ್ರ ಆ ಹಕ್ಕಿಗಳ ರೆಕ್ಕೆಯ ಕೆಳಗೆ ಹೋಯಿತು.

ವಿಜ್ಞಾನ ಏನನ್ನುತ್ತದೆ ಎಂದು ಕೇಳುವವರಿಗೆ ಎರಡು ಮಾತು. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಜಾಕಿ ಆಂಡ್ರೇಡ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 40 ಮಂದಿಗೆ ನೀರಸವಾದ ಟೆಲಿಫೋನ್ ಸಂದೇಶ ಕೇಳಿಸಲಾಯಿತು. ಕೇಳುತ್ತ ಕಾಗದದ ಮೇಲಿನ ಆಕಾರಗಳಿಗೆ ಗೀಚಿ ತುಂಬಿದವರು ಉಳಿದವರಿಗಿಂತ ಶೇ 29ರಷ್ಟು ಹೆಚ್ಚು ನೆನಪಿಟ್ಟುಕೊಂಡರು. ಗೀಚುವುದು ಗಮನವನ್ನು ಕದಿಯುವುದಿಲ್ಲ, ಅದು ಹಗಲುಗನಸಿಗೆ ಜಾರದಂತೆ ತಡೆಹಿಡಿಯುತ್ತದೆ ಎಂಬುದು ಅವರ ಊಹೆ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಗಿರಿಜಾ ಕೈಮಲ್ ಮತ್ತು ಸಂಗಡಿಗರು 2016ರಲ್ಲಿ 39 ವಯಸ್ಕರನ್ನು 45 ನಿಮಿಷ ಬಣ್ಣ, ಮಣ್ಣು, ಕಾಗದದ ಜೊತೆ ಬಿಟ್ಟು ನೋಡಿದರು. ಸುಮಾರು ಮುಕ್ಕಾಲು ಪಾಲು ಜನರಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಇಳಿದಿತ್ತು, ಚಿತ್ರಕಲೆಯ ಅಭ್ಯಾಸವಿದ್ದವರಲ್ಲಿ ಇಲ್ಲದವರಲ್ಲಿ ಭೇದವಿಲ್ಲದೆ. ಸಣ್ಣ ಅಧ್ಯಯನಗಳು ಇವು. ಖಿನ್ನತೆಗೆ ಪೆನ್ನು ಹಿಡಿದರೆ ಸಾಕು, ಡಾಕ್ಟರು ಬೇಡ ಎನ್ನುವವರ ಕೈಗೆ ಇವನ್ನು ಕೊಡಬಾರದು.

ಶುರು ಮಾಡಬೇಕೆನ್ನುವವರು ದುಬಾರಿ ಸಾಮಾನಿಗೆ ಹೋಗಬೇಕಿಲ್ಲ. ಬಲ್ಲವರು ಜಪಾನಿನ ಸಕುರಾ ಕಂಪನಿಯ ಪಿಗ್ಮಾ ಮೈಕ್ರಾನ್ ಪೆನ್ನು ಬೇಕೆನ್ನುತ್ತಾರೆ. ಅದರ ಮಸಿ ನೀರಿಗೆ ಹರಡದು, ಬಿಸಿಲಿಗೆ ಮಾಸದು, ನಿಜ. ಇಲ್ಲಿ ಯಾವ ಗೂಡಂಗಡಿಯಲ್ಲೂ ಸಿಗುವ ಬಿಕ್ ಬಾಲ್ ಪೆನ್ನಿನಲ್ಲೂ ನಡೆಯುತ್ತದೆ. ಆಗಾಗ ಮೊನೆಗೆ ಮಸಿಯ ಗುಡ್ಡೆ ಕಟ್ಟಿಕೊಳ್ಳುತ್ತದೆ, ಪಕ್ಕದಲ್ಲಿ ಒಂದು ಚಿಂದಿ ಇಟ್ಟುಕೊಂಡು ಒರೆಸುತ್ತಿರಬೇಕು. ಕಾಗದದ ಮಾತಿಗೆ ಸುಡಾನಿನ ಹಿರಿಯ ಕಲಾವಿದ ಇಬ್ರಾಹಿಂ ಎಲ್-ಸಲಾಹಿ ನನಗೆ ಗುರು. 1975ರಲ್ಲಿ ಖಾರ್ಟೂಮಿನ ಜೈಲಿನಲ್ಲಿ ಆರು ತಿಂಗಳು ಕಳೆದಾಗ ಕಾಗದದ ಚೂರುಗಳ ಮೇಲೆ ಕದ್ದು ಬರೆದು, ಕಾವಲಿನವರಿಗೆ ಕಾಣದಂತೆ ಮರಳಲ್ಲಿ ಹೂಳುತ್ತಿದ್ದವರು. ಎಂಬತ್ತು ದಾಟಿದ ಮೇಲೆ ಆಕ್ಸ್‌ಫರ್ಡಿನಲ್ಲಿ, ಬೆನ್ನುನೋವು ಮತ್ತು ಪಾರ್ಕಿನ್ಸನ್ ಕಾಯಿಲೆಯ ನಡುವೆ, ತಮ್ಮ ಮಾತ್ರೆಯ ಡಬ್ಬಗಳನ್ನೇ ಬಿಚ್ಚಿ ಒಳಮೈಯ ಮೇಲೆ ಪೆನ್ನಿನಲ್ಲಿ ಚಿತ್ರ ಬರೆದರು. ನೋವು ಮರೆಸುವ ಚಿತ್ರಗಳೆಂದೇ ಅವನ್ನು ಕರೆದರು.

ನಾನು ಪ್ರಯತ್ನಿಸಿ ನೋಡಿದ್ದೇನೆ. ಮಾತ್ರೆ ಡಬ್ಬದ ತೆಳು ರಟ್ಟಿನ ಹೊರಮೈ ಜಾರುತ್ತದೆ, ಮಸಿ ನಿಲ್ಲುವುದಿಲ್ಲ. ಒಳಮೈ ಸ್ವಲ್ಪ ಒರಟು, ಮಸಿಯನ್ನು ಹರಡದೆ ಹೀರುತ್ತದೆ, ಪೆನ್ಸಿಲ್ ನೆರಳೂ ಹಿಡಿಯುತ್ತದೆ. ಮಡಿಕೆಗಳು ಹೇಗೂ ಇರುತ್ತವಾದ್ದರಿಂದ ಮೊದಲ ಡೊಂಕು ಗೀಟು ಎಳೆಯುವ ಶ್ರಮವೂ ಇಲ್ಲ, ಕೋಣೆಗಳು ತಾವಾಗಿಯೇ ಸಿದ್ಧ. ದೊಡ್ಡಾಸ್ಪತ್ರೆ, ಅದರ ಸುತ್ತ ಸಾಲು ಸಾಲು ಔಷಧದಂಗಡಿ ಇರುವ ಈ ಗುಡ್ಡದಲ್ಲಿ ಇಂಥ ರಟ್ಟಿಗೇನೂ ಬರವಿಲ್ಲ. ಅಂಟು ಬಿಡಿಸುವಾಗ ಮಾತ್ರ ಮೂಲೆ ಹರಿಯದಂತೆ ನೋಡಿಕೊಳ್ಳಬೇಕು. ಕಾದ ಟೀ ಲೋಟದ ಮೇಲೆ ಅರೆಗಳಿಗೆ ಹಿಡಿದರೆ ತಾನಾಗಿ ಬಿಟ್ಟುಕೊಳ್ಳುತ್ತದೆ.